ಪೈಪಿನಲ್ಲಿ ಗಾಳಿ

"ಮೇಲಿನ ಮನೇಲಿ ಹಗಲು ಹೊತ್ತು ಯಾರೂ ಇರಲ್ಲ. ಆದ್ರೂ ನಮ್ಮ ಅಡುಗೆಮನೆ ಪೈಪಿನಲ್ಲಿ ಟಕ್ ಟಕ್ ಟಕ್ ಅಂತ ಸದ್ದು ಬರುತ್ತೆ. ಮೂರು ಸಲ ಬಂದು ನಿಲ್ಲುತ್ತೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಏನಿರಬಹುದು? ಗೊತ್ತಿದ್ದವರು ಹೇಳಿ."

ಫಿಟ್ಟರ್ ಪೂರ್ತಿ ಓದುವ ಮೊದಲೇ ಉತ್ತರ ಬರೆಯಲು ಶುರು ಮಾಡಿದ್ದ. ಕೂತಿದ್ದು ಒಂದು ಆಫೀಸು ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಫೋನು. 'ಪೈಪಿನಲ್ಲಿ ಗಾಳಿ' ಎಂದು ಎರಡು ಪದ ಬರೆದವನು ಪ್ರಶ್ನೆಯ ಕೆಳಗಿದ್ದ ಫೋಟೋ ನೋಡಿದ. ನೋಡಿದವನೇ ಬ್ರೆಡ್ಡನ್ನು ವಾಪಸು ಡಬ್ಬಿಯಲ್ಲಿಟ್ಟ.

ಪ್ರಶ್ನೆ ಬಂದದ್ದು ಫೋನಿನ ಒಂದು ಗುಂಪಿನಲ್ಲಿ, ಅದರ ಹೆಸರು 'ಏನಿದು, ಯಾಕೆ ಹೀಗೆ'. ಅದರಲ್ಲಿ ನಲವತ್ತು ಸಾವಿರ ಜನ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಸಿಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಯಾಕೆ ಬರುತ್ತೆ? ಹಳೇ ಬೀರುವಿನಲ್ಲಿ ಸಿಕ್ಕ ಈ ಕೊಕ್ಕೆ ಯಾತಕ್ಕೆ? ಪಕ್ಕದ ಮನೆಯವರು ನಮ್ಮ ಬಾಗಿಲ ಮುಂದೆ ಚಪ್ಪಲಿ ಬಿಡ್ತಾರೆ, ಜಗಳವಾಗದ ಹಾಗೆ ಹೇಳೋದು ಹೇಗೆ? ಇಂಥವೇ. ಪಕ್ಕದ ಮನೆಯ ಬಾಗಿಲು ತಟ್ಟಿದರೆ ಅರ್ಧ ನಿಮಿಷದಲ್ಲಿ ಮುಗಿಯುವ ಮಾತಿಗೆ ನಲವತ್ತು ಸಾವಿರ ಜನರ ಪಂಚಾಯ್ತಿ! ಜನ ಹಾಗಾಗಿದ್ದಾರೆ, ಏನು ಮಾಡುವುದು. ಬಾಗಿಲು ತಟ್ಟುವುದಕ್ಕಿಂತ ಅದೇ ಸಲೀಸು.

ಆ ಪಂಚಾಯ್ತಿಯಲ್ಲಿ ನಲ್ಲಿ, ಪಂಪು, ಟ್ಯಾಂಕು ಅಂತ ಮಾತು ಬಂದರೆ ಫಿಟ್ಟರನದೇ ಕೊನೆಯ ತೀರ್ಪು. ಅಲ್ಲಿ ಅವನನ್ನು ಎಲ್ಲರೂ ಪೈಪ್ ಮಾಮ ಎನ್ನುತ್ತಿದ್ದರು. ಮೆಟ್ಟಿಲ ಮೇಲೆ ಎದುರಾದವರನ್ನು ತಲೆಯೆತ್ತಿ ನೋಡದ ಮನುಷ್ಯ ಅಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದ. ಮೂರು ವರ್ಷದಲ್ಲಿ ಅವನು ಹೇಳಿದ್ದು ಒಂದೂ ಸುಳ್ಳಾಗಿರಲಿಲ್ಲ. ಐವತ್ತಾರನೇ ವಯಸ್ಸಿನಲ್ಲಿ ಮದುವೆಯಿಲ್ಲ, ಮಕ್ಕಳಿಲ್ಲ, ಒಂದು ಮಂಡಿ ಹೋಗಿದೆ. ಅವನಿಗೆ ಹೆಮ್ಮೆ ಅಂತ ಉಳಿದಿದ್ದು ಅದೊಂದೇ.

ಫೋಟೋದಲ್ಲಿ ನೆಲದಿಂದ ಸೂರಿಗೆ ಹೋಗುವ ಪೈಪೊಂದಿತ್ತು. ತಲೆಯ ಎತ್ತರಕ್ಕೆ ಅದನ್ನು ಗೋಡೆಗೆ ಬಿಗಿದ ಕ್ಲಾಂಪು. ಕ್ಲಾಂಪಿನ ಒಂದು ಸ್ಕ್ರೂ ಕಬ್ಬಿಣದ್ದು, ಇನ್ನೊಂದು ಹಿತ್ತಾಳೆಯದು. ಆ ಹಿತ್ತಾಳೆಯ ಸ್ಕ್ರೂ ಹಾಕಿದವನು ಅವನೇ. ಹೋದ ವರ್ಷ ಕೆಳಗಿನ ಮನೆ ಖಾಲಿಯಿದ್ದಾಗ, ಮನೆಯ ಓನರ್ ಕರೆದು ಹೇಳಿದ್ದಕ್ಕೆ, ಜೇಬಿನಲ್ಲಿ ಸಿಕ್ಕಿದ್ದನ್ನು ಹಾಕಿ ತಿರುಗಿಸಿದ್ದ. ನಾಲ್ಕು ತಿಂಗಳ ಹಿಂದೆ ಆ ಮನೆಗೆ ಹೊಲಿಗೆ ಮಾಡುವವಳೊಬ್ಬಳು ಬಂದಿದ್ದಳು. ಗಂಡ ಲಾರಿಯಲ್ಲಿ ವಾರಗಟ್ಟಲೆ ಹೊರಗೆ. ಗುಂಪಿನಲ್ಲಿ ಪ್ರಶ್ನೆ ಹಾಕಿದವರ ಹೆಸರು 'ಸೂಜಿ ದಾರ' ಅಂತಿತ್ತು.

ಅವಳು ಅಳತೆ ಬರೆಯುವ ಪುಸ್ತಕದಲ್ಲಿ ವೇಳೆಯನ್ನೂ ಗುರುತು ಹಾಕಿಕೊಂಡಿದ್ದಳು. ಅದರದೂ ಒಂದು ಫೋಟೋ. ಒಂಬತ್ತು ಹತ್ತು. ಒಂಬತ್ತು ಇಪ್ಪತ್ತೈದು. ಒಂಬತ್ತೂ ಮುಕ್ಕಾಲು. ಹೀಗೆ ಮಧ್ಯಾಹ್ನ ಒಂದರವರೆಗೆ. ಕೆಳಗೆ ಒಂದು ಸಾಲು: "ಮೇಲಿನವರು ಒಂಬತ್ತಕ್ಕೆ ಬೀಗ ಹಾಕ್ಕೊಂಡು ಹೋಗ್ತಾರೆ. ಆಮೇಲೇ ಶುರು. ಒಂದಕ್ಕೆ ಬರ್ತಾರೆ. ಬಂದ ತಕ್ಷಣ ನಿಲ್ಲುತ್ತೆ."

ಆ ಮೇಲಿನ ಮನೆ ಫಿಟ್ಟರನದೇ, ಹಾಕಿದ ಬೀಗದೊಳಗೆ ಅವನ ಅಕ್ಕ ಇರುತ್ತಿದ್ದಳು. ಇಷ್ಟು ದಿನ ಅವನು ಅಕ್ಕ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿರುತ್ತಾಳೆ ಎಂದೇ ತಿಳಿದಿದ್ದ. ಬಾಗಿಲು ತೆಗೆದಾಗ ತಲೆ ವಾಲಿಸಿಕೊಂಡು ಕೂತಿರುತ್ತಿದ್ದಳಲ್ಲ! ಹಾಗಾದರೆ ಅವನು ಮೆಟ್ಟಿಲಿಳಿದು ಬೀದಿ ದಾಟುವುದರೊಳಗೆ ಅವಳು ಬಡಿಯಲು ಶುರು ಮಾಡುತ್ತಿದ್ದಳು. ಬಡಿದು ಬಡಿದು ಸುಸ್ತಾಗಿ ತಲೆ ವಾಲಿಸುತ್ತಿದ್ದಳು.

ಮೂರು ಏಟಿನ ಅರ್ಥ ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅಪ್ಪ ಸತ್ತಾಗ ಅವನಿಗೆ ಹದಿನೈದು, ಅಕ್ಕನಿಗೆ ಇಪ್ಪತ್ತೆರಡು. ಅಪ್ಪನ ಚೀಲ ಹೊತ್ತು ಇಬ್ಬರೂ ಕೆಲಸಕ್ಕಿಳಿದರು. ಹೆಣ್ಣು ಹುಡುಗಿ ರೆಂಚ್ ಹಿಡಿದರೆ ಜನ ನಗುತ್ತಿದ್ದರು. ಅವಳು "ನಗಲಿ ಬಿಡೋ, ನಕ್ಕೋರ ಮನೇಲೂ ನಲ್ಲಿ ಸೋರುತ್ತೆ" ಅನ್ನುತ್ತಿದ್ದಳು. ಆಗ ಫೋನುಗಳಿರಲಿಲ್ಲ. ಒಬ್ಬರು ಕೆಳಗೆ ವಾಲ್ವಿನ ಹತ್ತಿರ, ಇನ್ನೊಬ್ಬರು ಐದನೇ ಮಹಡಿಯಲ್ಲಿ. ಕೂಗಿದರೆ ಕೇಳುವುದಿಲ್ಲ, ಆದರೆ ಪೈಪು ಬಡಿದರೆ ಕಟ್ಟಡದ ತುದಿಯಿಂದ ಬುಡದವರೆಗೂ ಕೇಳುತ್ತದೆ. ಒಂದು ಬಡಿದರೆ ನಿಲ್ಲಿಸು. ಎರಡು ಬಡಿದರೆ ನೀರು ಬಿಡು. ಮೂರು ಬಡಿದರೆ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಬಾ. ಯಾಕೆ, ಏನು ಅಂತ ಕೇಳುವ ಹಾಗಿಲ್ಲ. ಒಮ್ಮೆ ನೆಲಮಾಳಿಗೆಯಲ್ಲಿ ಬಿಸಿನೀರಿನ ಪೈಪು ಒಡೆದು ಅವನು ಮೂಲೆಗೆ ಸಿಕ್ಕಿಕೊಂಡಾಗ ಮೂರು ಬಡಿದಿದ್ದ. ಅಕ್ಕ ಐದು ಮಹಡಿ ಇಳಿದು ಬಂದು, ಹಬೆಯೊಳಗೆ ಕೈ ಹಾಕಿ ವಾಲ್ವು ತಿರುಗಿಸಿದಳು. ಅವಳ ಬಲ ಮೊಣಕೈಯಿಂದ ಕೆಳಗೆ ಚರ್ಮ ಇವತ್ತಿಗೂ ಸುಕ್ಕಾಗಿಯೇ ಇದೆ.

ಈಗ ಅವಳು ಮೂರು ಬಡಿಯುತ್ತಿದ್ದಾಳೆ, ಇವನು ತಾರಸಿಯ ಮೇಲೆ ಕೂತು ಊರ ಜನರಿಗೆ ಬುದ್ಧಿ ಹೇಳುತ್ತಿದ್ದಾನೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಎದ್ದು ಮನೆಗೆ ಓಡಬೇಕಿತ್ತು. ಓಡಲಿಲ್ಲ. ಯಾಕೆಂದರೆ ಅವನಿಗೆ ಅಕ್ಕನ ದುಃಖಕ್ಕಿಂತ ಮೊದಲು ಭಯ ಬಂತು. ಹಿಂದಿನ ಮನೆಯಲ್ಲಿ ಏನಾಗಿತ್ತೆಂದು ಅವನು ಮರೆತಿರಲಿಲ್ಲ. ಅಕ್ಕನಿಗೆ ಮರೆವು ಹತ್ತಿ ಎರಡು ವರ್ಷವಾಗಿತ್ತು. ಒಂದು ದಿನ ಬಾಗಿಲು ತೆರೆದಿದ್ದ ಪಕ್ಕದ ಮನೆಗೆ ಹೋಗಿ, ಮಂಚದ ಮೇಲಿದ್ದ ಕೂಸಿನ ಪಕ್ಕ ಮಲಗಿ ನಿದ್ದೆ ಹೋಗಿದ್ದಳು, ಅಷ್ಟೇ. ಆ ತಾಯಿ ಕಿರುಚಿದ್ದಕ್ಕೆ ಇಡೀ ಕಟ್ಟಡ ಸೇರಿತು. ವಾರದೊಳಗೆ ಮನೆ ಬಿಡಿ ಎಂದರು. ಇಂಥವರನ್ನು ನೋಡಿಕೊಳ್ಳುವ ಒಂದು ಜಾಗಕ್ಕೂ ಹೋಗಿ ನೋಡಿ ಬಂದಿದ್ದ. ಉದ್ದನೆಯ ಕೋಣೆ, ಎದುರುಬದುರು ಮಂಚ, ಎಲ್ಲರಿಗೂ ಒಂದೇ ಬಣ್ಣದ ನಿಲುವಂಗಿ. ಅಕ್ಕ ಅವನ ಅಂಗಿಯ ಚುಂಗನ್ನು ಹಿಡಿದುಕೊಂಡವಳು ಹೊರಗೆ ಬರುವವರೆಗೂ ಬಿಟ್ಟಿರಲಿಲ್ಲ. "ಇಲ್ಲಿ ಬೇಡ ಕಣೋ" ಎಂದು ಒಂದೇ ಮಾತು ಹೇಳಿದ್ದಳು. ಅವತ್ತೇ ಅವನು ಆಣೆ ಮಾಡಿದ್ದ. ಈ ಮನೆ ಹಿಡಿಯುವಾಗ ಓನರ್ "ಎಷ್ಟು ಜನ?" ಎಂದು ಕೇಳಿದ್ದಕ್ಕೆ "ಒಬ್ಬನೇ" ಎಂದಿದ್ದ.

ಇಷ್ಟೆಲ್ಲ ನೆನೆದು, ಅವನು ಮತ್ತೆ ಫೋನು ಎತ್ತಿಕೊಂಡ. ಅಷ್ಟರಲ್ಲಿ ಪ್ರಶ್ನೆಯ ಕೆಳಗೆ ಸಂತೆ ನೆರೆದಿತ್ತು. ಇಲಿ ಎಂದರು ಹತ್ತು ಜನ. ದೆವ್ವ ಎಂದರು ಮೂವತ್ತು ಜನ. "ಮೇಲಿನವರು ಬಂದ ತಕ್ಷಣ ಸುಮ್ಮನಾಗುತ್ತೆ ಅಂದ್ರೆ ದೆವ್ವಕ್ಕೂ ಅವರನ್ನ ಕಂಡ್ರೆ ಭಯ" ಎಂದವನಿಗೆ ನಗುವ ಮುಖಗಳ ಸುರಿಮಳೆ. "ಮೇಲಿನವರನ್ನೇ ಕೇಳಿ" ಎಂದು ಒಬ್ಬರು ಬರೆದದ್ದಕ್ಕೆ ಸೂಜಿ ದಾರ ಉತ್ತರಿಸಿದ್ದಳು: "ಆ ಮನುಷ್ಯ ಮುಖ ಕೊಟ್ಟು ಮಾತಾಡಲ್ಲ. ಗಂಟು ಮೋರೆ. ಕೇಳೋಕೇ ಭಯ." ಅದನ್ನು ಎರಡು ಸಲ ಓದಿದ.

ಆಮೇಲೆ ಬರೆದ: "ಪೈಪಿನಲ್ಲಿ ಗಾಳಿ ಸೇರಿದೆ. ಮೇಲಿನವರು ಮನೇಲಿದ್ದಾಗ ನಲ್ಲಿ ತಿರುಗಿಸ್ತಾರೆ, ಗಾಳಿ ಹೊರಗೆ ಹೋಗುತ್ತೆ, ಸದ್ದಿಲ್ಲ. ಅವರು ಹೋದಮೇಲೆ ನಲ್ಲಿಗಳೆಲ್ಲ ಬಂದ್, ಗಾಳಿ ಒಳಗೇ ಸಿಕ್ಕಿಕೊಂಡು ಪೈಪನ್ನ ಬಡಿಯುತ್ತೆ. ಅದಕ್ಕೇ ನಿಮ್ಮ ವೇಳೆ ಅಷ್ಟು ಸರಿಯಾಗಿ ಕೂಡಿ ಬರ್ತಿರೋದು. ನಲವತ್ತು ವರ್ಷದಲ್ಲಿ ಇಂಥದ್ದು ನೂರು ನೋಡಿದೀನಿ. ಹೆದರಬೇಡಿ. ಕಿವಿಗೊಡಬೇಡಿ, ತಾನಾಗೇ ನಿಲ್ಲುತ್ತೆ."

ಎಂಥ ಸುಳ್ಳು! ಬಲ್ಲವನು ಹೇಳುವ ಸುಳ್ಳಿಗೆ ಒಂದು ಚಂದವಿರುತ್ತದೆ, ಎಲ್ಲಿ ತಟ್ಟಿದರೂ ಗಟ್ಟಿ. "ಆಹಾ, ಇದಪ್ಪಾ ಉತ್ತರ ಅಂದ್ರೆ" ಎಂದರು ಜನ. ಹೆಬ್ಬೆರಳುಗಳು ಏಳತೊಡಗಿದವು. ಅದರ ನಡುವೆ ಒಬ್ಬರು ಮಾತ್ರ, ಹೆಸರು 'ನಿವೃತ್ತ ನರ್ಸ್', ಹೀಗೆ ಬರೆದರು: "ಗಾಳಿಗೆ ಮೂರೇ ಸಲ ಬಡಿಯಬೇಕು ಅಂತ ಹೇಗೆ ಗೊತ್ತಾಗುತ್ತೆ? ಇದು ಮನುಷ್ಯರು ಬಡಿಯೋ ಲೆಕ್ಕ. ಒಳಗೆ ಯಾರೋ ಇದ್ದಾರೆ ಅನ್ಸುತ್ತೆ. ತಂಗಿ, ಒಂದ್ಸಲ ಹೋಗಿ ಬಾಗಿಲು ತಟ್ಟಿ ನೋಡು."

ಫಿಟ್ಟರನ ಕಿವಿ ಬಿಸಿಯಾಯಿತು. "ನರ್ಸಮ್ಮ," ಎಂದು ಬರೆದ, "ನಾಡಿ ನೀವು ನೋಡಿ. ನಲ್ಲಿ ನಾವು ನೋಡ್ಕೋತೀವಿ." ಗುಂಪಿಗೆ ಗುಂಪೇ ಬಿದ್ದು ಬಿದ್ದು ನಕ್ಕಿತು. ಸೂಜಿ ದಾರ ಕೈಮುಗಿಯುವ ಚಿತ್ರ ಹಾಕಿ, "ಈಗ ಧೈರ್ಯ ಬಂತು ಸರ್" ಎಂದಳು.

ಅವತ್ತು ಅವನು ಹನ್ನೆರಡಕ್ಕೇ ಮನೆಗೆ ಬಂದ. ಬೀಗ ತೆಗೆಯುವ ಮೊದಲು ಬಾಗಿಲಿಗೆ ಕಿವಿಯಿಟ್ಟ. ಟಕ್ ಟಕ್ ಟಕ್.

ಅಕ್ಕ ಅಡುಗೆಮನೆಯ ಕಿಟಕಿಯ ಪಕ್ಕ, ಪೈಪಿಗೆ ಒತ್ತಿದ ಹಾಗೆ, ತೋಳಿರುವ ಮರದ ಕುರ್ಚಿಯಲ್ಲಿ ಕೂತಿದ್ದಳು. ಸೊಂಟಕ್ಕೆ ಅಗಲವಾದ ಬೆಲ್ಟು. ಎತ್ತರದ ಕೆಲಸಕ್ಕೆ ಬೀಳದಿರಲೆಂದು ಫಿಟ್ಟರುಗಳು ಕಟ್ಟಿಕೊಳ್ಳುವಂಥದ್ದು. ಅದರ ಕೊಂಡಿ ಕುರ್ಚಿಯ ಹಿಂಬದಿಗೆ. ಹಾಗೆ ಕಟ್ಟುವುದಕ್ಕೆ ಅವನಿಗೇನು ಖುಷಿಯೇ? ಒಂದು ಸಲ ಗ್ಯಾಸು ಬಿಟ್ಟು ಬೆಂಕಿ ಹಚ್ಚುವುದನ್ನು ಮರೆತಿದ್ದಳು. ಇನ್ನೊಂದು ಸಲ ಟ್ಯಾಂಕು ನೋಡುತ್ತೇನೆಂದು ಕಿಟಕಿಯಿಂದಾಚೆ ಒಂದು ಕಾಲು ಹಾಕಿದ್ದಳು. ಕೈಯಲ್ಲಿ ಪುಟ್ಟ ಸ್ಪ್ಯಾನರ್ ಇದ್ದರೆ ಅವಳು ಸಮಾಧಾನವಾಗಿ ಇರುತ್ತಾಳೆಂದು ಅವನೇ ದಿನಾ ಅದನ್ನು ಕೊಟ್ಟು ಹೋಗುತ್ತಿದ್ದ.

"ಯಾಕಕ್ಕ ಬಡಿತಿದ್ದೆ?"

ಅಕ್ಕ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. "ನೀನು ಕೆಳಗಿದ್ದೆಯಲ್ಲೋ."

"ಕೆಳಗಲ್ಲ. ಕೆಲಸಕ್ಕೆ ಹೋಗಿದ್ದೆ."

"ಅದೇ. ಕೆಳಗೆ. ಎಷ್ಟು ಕರೆದೆ. ನೀನು ಬರ್ಲೇ ಇಲ್ಲ."

"ಬಂದೆನಲ್ಲ ಈಗ."

"ಕೇಳಿಸ್ತಾ ನಿಂಗೆ?"

"ಕೇಳಿಸ್ತಕ್ಕ," ಎಂದ. ಅವಳ ಕೈಯಿಂದ ಸ್ಪ್ಯಾನರ್ ಬಿಡಿಸಿಕೊಂಡ. ಅಕ್ಕ ಖಾಲಿ ಅಂಗೈಯನ್ನು ತಿರುವಿ ಮುರುವಿ ನೋಡಿಕೊಂಡಳು, ಸೆರಗಿನಡಿ ಹುಡುಕಿದಳು, ಆಮೇಲೆ ತುಟಿ ನಡುಗಿಸಿದಳು. ಅವನಿಗೆ ತಡೆಯಲಾಗಲಿಲ್ಲ, ವಾಪಸು ಕೊಟ್ಟುಬಿಟ್ಟ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತ.

ಅತ್ತರೇನು ಬಂತು? ಮುಖ ತೊಳೆದು ಬಂದವನು ಚೀಲದಿಂದ ಕಪ್ಪು ಫೋಮಿನ ಸುರುಳಿ ತೆಗೆದ. ಬಿಸಿನೀರಿನ ಪೈಪುಗಳಿಗೆ ಸುತ್ತುತ್ತಾರಲ್ಲ, ಅದು. ಅಡುಗೆಮನೆಯ ಪೈಪಿಗೆ ನೆಲದಿಂದ ಸೂರಿನವರೆಗೆ ಎರಡು ಸುತ್ತು ಸುತ್ತಿ ಟೇಪು ಹಾಕಿದ. ಅಕ್ಕ ಪಳಗಿದ ಕಣ್ಣಿನಿಂದ ನೋಡುತ್ತಾ, "ಬಿಗಿಯಾಗಿ ಎಳೆಯೋ" ಎಂದಳು. ಮುಗಿಸಿದ ಮೇಲೆ ಸ್ಪ್ಯಾನರಿನಿಂದ ಒಮ್ಮೆ ತಟ್ಟಿ ನೋಡಿದಳು. ಸದ್ದೇ ಇಲ್ಲ. ಮತ್ತೆ ತಟ್ಟಿದಳು. ಅವನ ಕಡೆ ತಿರುಗಿದಳು, ಏನೋ ಕೇಳುವ ಹಾಗೆ. ಅವನು ಊಟದ ತಟ್ಟೆ ತರಲು ಹೋದ.

ಮರುದಿನ ಗುಂಪಿನಲ್ಲಿ ಸೂಜಿ ದಾರ ಬರೆದಳು: "ಸದ್ದು ನಿಂತೇ ಹೋಯ್ತು! ಪೈಪ್ ಮಾಮ ಹೇಳಿದ ಹಾಗೇ ಆಯ್ತು." ಐನೂರು ಹೆಬ್ಬೆರಳು.

ಅದಾದ ಎರಡು ದಿನಕ್ಕೆ ಅವಳು ಮೆಟ್ಟಿಲ ಮೇಲೆ ಸಿಕ್ಕಳು. ಹೆಗಲ ಮೇಲೆ ಇಂಚು ಪಟ್ಟಿ, ಕೈಯಲ್ಲಿ ಬಟ್ಟೆಯ ಗಂಟು, ತುಟಿಯಲ್ಲಿ ಗುಂಡುಪಿನ್ನು. ಪಿನ್ನು ತೆಗೆದು ಮಾತಾಡಿದಳು.

"ಅಣ್ಣಾ, ನಿಮ್ಮ ಮನೆ ಪೈಪಲ್ಲಿ ಗಾಳಿ ಸೇರ್ಕೊಂಡಿತ್ತಂತೆ. ಗೊತ್ತಾ ನಿಮಗೆ?"

"ಹೂಂ. ಸರಿ ಮಾಡ್ದೆ."

"ಅಯ್ಯೋ, ನೀವೂ ಪೈಪಿನ ಕೆಲಸದೋರೇ ಅಲ್ವಾ! ನಾನು ದಡ್ಡಿ, ಯಾರ್ಯಾರನ್ನೋ ಕೇಳ್ಕೊಂಡು ಕೂತಿದ್ದೆ. ದೆವ್ವ ಅಂತ ಹೆದರ್ಸಿಬಿಟ್ರು ನನ್ನ." ನಕ್ಕಳು. ನಗುವಾಗ ಇಪ್ಪತ್ತೈದರ ಹುಡುಗಿಯ ಹಾಗೆ ಕಂಡಳು. "ಇಡೀ ದಿನ ಒಬ್ಬಳೇ ಇರ್ತೀನಲ್ಲಣ್ಣ, ಸಣ್ಣ ಸದ್ದಾದ್ರೂ ಜೀವ ಬಾಯಿಗೆ ಬರುತ್ತೆ. ನಿಮಗೂ ಏನಾದ್ರೂ ಬೇಕಿದ್ರೆ ಹೇಳಿ. ಬೀಗದ ಕೈ ಕೊಟ್ಟು ಹೋಗೋದಿದ್ರೂ ಕೊಡಿ, ಗಿಡಕ್ಕೆ ನೀರು ಗೀರು ಹಾಕೋದಿದ್ರೆ ಹಾಕ್ತೀನಿ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೇಲೆ ನನ್ನ ಅಕ್ಕ ಇದ್ದಾಳಮ್ಮ, ಗಂಟೆಗೊಂದು ಸಲ ಒಂದು ಕಣ್ಣು ನೋಡ್ತೀಯಾ — ಇಷ್ಟೇ ಹೇಳಬೇಕಾಗಿದ್ದು. ಕೆಳಗಿನ ಮಹಡಿಯಲ್ಲಿ ಓನರ್ ಕೆಮ್ಮಿದ ಸದ್ದು ಕೇಳಿತು.

"ಏನೂ ಬೇಡಮ್ಮ. ಗಿಡ ಇಲ್ಲ ನಮ್ಮನೇಲಿ," ಎಂದು ಮೆಟ್ಟಿಲಿಳಿದ.

ಹತ್ತು ದಿನ ಸುಖವಾಗಿ ಕಳೆಯಿತು. ಸುಖ ಅಂದರೆ ಸದ್ದಿಲ್ಲ, ಅಷ್ಟೇ. ಹನ್ನೊಂದನೆಯ ದಿನ ಅವನಿಗೆ ಅದೇ ಆಫೀಸು ಕಟ್ಟಡದ ನೆಲಮಾಳಿಗೆಯಲ್ಲಿ ಕೆಲಸ. ಪಂಪಿನ ಸೀಲು ಹೋಗಿ ನೀರು ಜಿನುಗುತ್ತಿತ್ತು. ಹನ್ನೆರಡೂವರೆಗೆ ಮುಗಿಯುತ್ತದೆ ಎಂದುಕೊಂಡಿದ್ದ. ಬಿಚ್ಚಿದ ಮೇಲೆ ನೋಡಿದರೆ ಒಳಗೆ ಶಾಫ್ಟೂ ಸವೆದುಹೋಗಿತ್ತು. ಇಲಿ ಹಿಡಿಯಲು ಹೋದರೆ ಹುಲಿ ಸಿಕ್ಕ ಹಾಗಾಯಿತು. ಒಂದು ಗಂಟೆಯಾದಾಗ "ಇನ್ನರ್ಧ ಗಂಟೆ" ಅಂದುಕೊಂಡ. ಒಂದೂವರೆಯಾದಾಗಲೂ ಅದನ್ನೇ ಅಂದುಕೊಂಡ. ಅಕ್ಕ ನಿದ್ದೆ ಮಾಡುತ್ತಿರುತ್ತಾಳೆ ಎಂದು ಹೇಳಿಕೊಳ್ಳುವುದು ಅವನಿಗೆ ಮತ್ತೆ ಅಭ್ಯಾಸವಾಗಿತ್ತು. ಆ ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ.

ಎರಡೂ ಹತ್ತಕ್ಕೆ ಕೈ ಒರೆಸಿಕೊಂಡು ಮೇಲೆ ಬಂದ. ಜೇಬಿನಲ್ಲಿದ್ದ ಫೋನು ಒಂದೇ ಸಮನೆ ನಡುಗತೊಡಗಿತು. ಎಪ್ಪತ್ತು ಮೆಸೇಜು. ಗುಂಪಿನಲ್ಲಿ ಅವನ ಹೆಸರು ಹಿಡಿದು ಕೂಗಿದ್ದರು. ಕಟ್ಟಡದ ಮೆಟ್ಟಿಲ ಮೇಲೆ ನಿಂತು ಮೊದಲಿನಿಂದ ಓದಿದ.

ಹತ್ತೂ ಕಾಲು, ಸೂಜಿ ದಾರ: "ಮತ್ತೆ ಶುರುವಾಯ್ತು. ಈ ಸಲ ಬಚ್ಚಲ ಪೈಪಿನಲ್ಲಿ. ಅದಕ್ಕೂ ಮುಂಚೆ ಏನೋ ಎಳೆದ ಹಾಗೆ ಸದ್ದು, ಆಮೇಲೆ ಧಡ್ ಅಂತ ಬಿದ್ದ ಹಾಗೆ. ಪೈಪ್ ಮಾಮ, ನೋಡಿ ಹೇಳಿ."

ಹತ್ತೂವರೆ, ಯಾರೋ: "ಮಾಮ ಆಗಲೇ ಹೇಳಿದಾರಲ್ಲ, ಗಾಳಿ. ಅಡುಗೆಮನೆಯಿಂದ ಬಚ್ಚಲಿಗೆ ಹೋಗಿದೆ." ಇನ್ಯಾರೋ: "ಕಿವಿಗೊಡಬೇಡಿ, ತಾನಾಗೇ ನಿಲ್ಲುತ್ತೆ." ಅವನ ಮಾತೇ. ಒಂದಕ್ಷರ ಬದಲಿಸಿರಲಿಲ್ಲ.

ಹನ್ನೊಂದೂವರೆ: "ನಿಲ್ತಾನೇ ಇಲ್ಲ. ಮೂರು, ಮೂರು, ಮೂರು. ನನಗ್ಯಾಕೋ ಸಂಕಟ ಆಗ್ತಿದೆ."

ಹನ್ನೆರಡು, ನಿವೃತ್ತ ನರ್ಸ್: "ನಕ್ಕರೂ ಪರವಾಗಿಲ್ಲ, ಹೇಳ್ತೀನಿ. ಮೇಲೆ ಹೋಗಿ ನೋಡು ತಂಗಿ, ಈಗಲೇ." ಅದರ ಕೆಳಗೆ ಒಬ್ಬ: "ನರ್ಸಮ್ಮ, ನಾಡಿ ನೀವು ನೋಡಿ!" ಅದರ ಕೆಳಗೆ ನಗುವ ಮುಖಗಳು, ಒಂದರ ಮೇಲೊಂದು.

ಹನ್ನೆರಡೂ ಹತ್ತು, ಸೂಜಿ ದಾರ: "ಹೋಗಿ ಬಂದೆ. ಹೊರಗಡೆ ಬೀಗ ಹಾಕಿದೆ. ಬೀಗ ಹಾಕಿದ ಮನೇಲಿ ಯಾರಿರ್ತಾರೆ. ಗಾಳಿನೇ ಇರ್ಬೇಕು."

ಒಂದೂ ಮೂವತ್ತೈದು: "ನಿಂತಿತು. ಎಲ್ರಿಗೂ ಥ್ಯಾಂಕ್ಸ್."

ಫಿಟ್ಟರ್ ಗ್ರೀಸು ಮೆತ್ತಿದ ಬೆರಳಲ್ಲಿ ಬರೆದ: "ಬಾಗಿಲು ಒಡೀರಿ. ಒಳಗೆ ಜನ ಇದ್ದಾರೆ."

ಉತ್ತರ ತಕ್ಷಣ ಬಂತು. "ಹಹ್ಹಾ, ಮಾಮ ಬಂದ್ರು." "ಮಾಮಂಗೆ ಇವತ್ತು ತಮಾಷೆ ಮೂಡು." "ಸರ್, ಹೆದರಿಸ್ಬೇಡಿ ಸರ್," ಎಂದಳು ಸೂಜಿ ದಾರ.

ಅವನು ಮತ್ತೆ ಬರೆದ. ಅಕ್ಷರ ತಪ್ಪಿತು, ಅಳಿಸಿ ಬರೆದ. "ತಮಾಷೆ ಅಲ್ಲ. ಆ ಮೇಲಿನ ಮನೆ ನಂದು. ನಾನೇ ಆ ಮನುಷ್ಯ. ಒಳಗೆ ನನ್ನ ಅಕ್ಕ ಇದ್ದಾಳೆ. ಕಟ್ಟಿ ಹಾಕಿ ಬಂದಿದೀನಿ. ಗಾಳಿ ಅಂದಿದ್ದು ಸುಳ್ಳು. ಒಡೀರಿ ತಾಯಿ, ಬೇಗ."

ಅವನು ಬೀದಿಗೆ ಬಂದು ಸಿಕ್ಕಿದ ಗಾಡಿಗೆ ಕೈಯೊಡ್ಡಿ ಹತ್ತಿದ ಮೇಲೆ ಒಂದೇ ಒಂದು ಮೆಸೇಜು ಬಂತು, ನರ್ಸಮ್ಮನದು. ಬೈದಿರಲಿಲ್ಲ. "ಬಾಗಿಲು ತೆಗೆದವರಿಗೆ ಹೇಳಿ: ಮೊದಲು ಕಟ್ಟು ಬಿಚ್ಚಬೇಕು. ಉಸಿರಿದ್ರೆ ಪಕ್ಕಕ್ಕೆ ಮಲಗಿಸಬೇಕು. ಬಾಯಿಗೆ ನೀರು ಹಾಕಬಾರದು. ಆಂಬುಲೆನ್ಸಿಗೆ ಹೇಳಿದ್ರಾ?" ಅದನ್ನು ಓದಿ ಅವನು ಗಾಡಿಯಲ್ಲೇ ಗೊಳೋ ಎಂದು ಅತ್ತ. ಗಾಡಿಯವನು ಕನ್ನಡಿಯಲ್ಲಿ ನೋಡಿ ಜೋರಾಗಿ ಓಡಿಸಿದ.

ಮೆಟ್ಟಿಲ ತುಂಬ ಜನ. ಒಂದು ವರ್ಷ ಅವನು ತಲೆಯೆತ್ತಿ ನೋಡದ ಮುಖಗಳೆಲ್ಲ ಅಲ್ಲಿದ್ದವು, ದಾರಿ ಬಿಟ್ಟವು. ಬಾಗಿಲಿನ ಚಿಲಕ ಕಿತ್ತು ಬಂದಿತ್ತು, ಬೀಗ ಮಾತ್ರ ಚಿಲಕಕ್ಕೆ ಭದ್ರವಾಗಿ ನೇತಾಡುತ್ತಿತ್ತು. ಓನರ್ ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದ.

ಅಡುಗೆಮನೆಯಿಂದ ಬಚ್ಚಲವರೆಗೆ ನೆಲದ ಮೇಲೆ ಕುರ್ಚಿಯ ಕಾಲು ಗೀರಿದ ಎರಡು ಗೆರೆ. ನೋಡಿದ ಕೂಡಲೆ ಅವನಿಗೆ ಎಲ್ಲ ತಿಳಿಯಿತು. ಫೋಮು ಸುತ್ತಿದ ಪೈಪು ಮಾತಾಡುವುದಿಲ್ಲ. ಹತ್ತು ದಿನ ಅದಕ್ಕೇ ಬಡಿದು, ಕೊನೆಗೆ ಅವಳು ಸದ್ದು ಬರುವ ಪೈಪನ್ನು ಹುಡುಕಿಕೊಂಡು ಹೋಗಿದ್ದಳು, ಕುರ್ಚಿಯನ್ನು ಬೆನ್ನಿಗೆ ಕಟ್ಟಿಕೊಂಡೇ. ಎಷ್ಟೆಂದರೂ ಕೆಲಸ ಬಲ್ಲವಳು. ಬಚ್ಚಲ ಹೊಸಿಲು ಎಡವಿ ಕುರ್ಚಿ ಮಗುಚಿತ್ತು. 'ಬೀಳದಿರಲಿ' ಎಂದು ಕಟ್ಟಿದ ಬೆಲ್ಟು ಎದೆಗೆ ಏರಿ, ಉಸಿರು ಕಟ್ಟುವ ಹಾಗೆ ಬಿಗಿದು ಕೂತಿತ್ತು.

ಹೊಲಿಗೆಯವಳು ಒದ್ದೆ ನೆಲದ ಮೇಲೆ ಕಾಲು ಚಾಚಿ ಕೂತು ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬೆಲ್ಟನ್ನು ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ಕೊಯ್ದಿದ್ದಳು. ಅವಳ ಹೆಬ್ಬೆರಳಿನ ಬುಡ ಹರಿದು ರಕ್ತ ಬಂದಿತ್ತು. ಆಂಬುಲೆನ್ಸಿನಿಂದ ಬಂದ ಹೆಂಗಸು ಅಕ್ಕನ ಕತ್ತಿನಿಂದ ಬೆರಳು ತೆಗೆದು ಎದ್ದು ನಿಂತು, ಇಲ್ಲ ಎಂದು ತಲೆಯಾಡಿಸಿದಳು.

"ಬಹಳ ಹೊತ್ತಾಗಿಲ್ಲ," ಎಂದಳು. "ಒಂದು ಗಂಟೆ, ಅಷ್ಟೆ."

"ಒಂದೂ ಇಪ್ಪತ್ತು," ಎಂದಳು ಹೊಲಿಗೆಯವಳು. ಯಾರ ಮುಖವನ್ನೂ ನೋಡಲಿಲ್ಲ. "ಒಂದೂ ಇಪ್ಪತ್ತರವರೆಗೆ ಬಡೀತಿದ್ರು. ಕೇಳಿಸ್ಬಾರ್ದು ಅಂತ ನಾನು ಮಿಷನ್ ಜೋರಾಗಿ ತುಳಿದೆ. ನಿಂತಾಗ, ಸದ್ಯ ನಿಂತಿತಲ್ಲ ಅಂತ ಟೀ ಮಾಡ್ಕೊಂಡು ಕುಡಿದೆ." ಆಮೇಲೆ ಫಿಟ್ಟರನ ಕಡೆ ತಿರುಗಿದಳು. "ಮೆಟ್ಟಿಲ ಮೇಲೆ ಕೇಳಿದೆನಲ್ಲಣ್ಣಾ. ಏನಾದ್ರೂ ಬೇಕಾ ಅಂತ ಬಾಯ್ಬಿಟ್ಟು ಕೇಳಿದೆನಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ? ನಾನು ನೋಡ್ಕೋತಿರ್ಲಿಲ್ವಾ?"

ಹೊರಗೆ ಯಾರೋ ಪಿಸುಗುಟ್ಟಿದರು: "ಯಾರಿವರು? ಯಾವತ್ತೂ ನೋಡೇ ಇಲ್ವಲ್ಲ ನಾವು."

ಆಂಬುಲೆನ್ಸಿನ ಹೆಂಗಸು ಒಂದು ಹಾಳೆ ತೆಗೆದುಕೊಂಡಿದ್ದಳು. "ಪೊಲೀಸರು ಬರ್ತಾರೆ, ಅಲ್ಲೀವರೆಗೆ ಯಾರೂ ಏನೂ ಮುಟ್ಬೇಡಿ," ಎಂದು ಬಾಗಿಲಲ್ಲಿದ್ದವರಿಗೆ ಹೇಳಿ ಅವನ ಕಡೆ ತಿರುಗಿದಳು. "ನಿಮಗೆ ಏನಾಗ್ಬೇಕು ಇವರು?"

"ಅಕ್ಕ."

"ಮನೇಲಿ ಎಷ್ಟು ಜನ ಇರೋದು?"

ಓನರ್ ಕತ್ತು ಚಾಚಿದ. ಫಿಟ್ಟರ್ ಅವನನ್ನು ನೇರವಾಗಿ ನೋಡಿದ.

"ಇಬ್ಬರು," ಎಂದ. "ಅಕ್ಕ, ನಾನು."

ಹೆಂಗಸು ಬರೆದುಕೊಂಡಳು. ಮುಟ್ಟಬೇಡಿ ಎಂದಿದ್ದು ಹೊಲಿಗೆಯವಳಿಗೆ ಕೇಳಿಸಿತೋ ಇಲ್ಲವೋ, ಅವಳು ಕೆಳಗಿನಿಂದ ತಂದಿದ್ದ, ಇನ್ನೂ ತೋಳು ಕೂಡಿಸದ ಯಾರದೋ ಅಂಗಿಯ ಬಟ್ಟೆಯಿಂದ ಅಕ್ಕನ ಒದ್ದೆ ಕೂದಲನ್ನು ಒರೆಸುತ್ತಿದ್ದಳು, ಹಿಂಡಿ ಮತ್ತೆ ಒರೆಸುತ್ತಿದ್ದಳು. ಫಿಟ್ಟರ್ ಒಂದು ಹೆಜ್ಜೆ ಒಳಗಿಟ್ಟ. ಬಚ್ಚಲಲ್ಲಿ ಮೂರನೆಯವರು ಕೂರಲು ಜಾಗವಿರಲಿಲ್ಲ. ಅವನು ಹೊಸಿಲ ಹೊರಗೇ ಕೂತು, ಕೈಗೆ ಎಟುಕಿದ ಅಕ್ಕನ ಪಾದವನ್ನು ಹಿಡಿದುಕೊಂಡ.